ಜೊಂಡಿನ ಗಂಟು

ಜೊಂಡಿನ ಎಲೆಗೆ ಗಂಟು ಹಾಕುವುದನ್ನು ಬ್ರಿಹಿದಾ ಚಿಕ್ಕಂದಿನಿಂದ ನೋಡಿದ್ದಳು. ಸುಳ್ಳು ಗಂಟು ಹಾಕಿದ್ದು ಮಾತ್ರ ಆ ಬೆಳಿಗ್ಗೆಯೇ ಮೊದಲು.

ಮಂಜು ಇನ್ನೂ ಕರಗಿರಲಿಲ್ಲ. ಮನೆಗೆ ಹತ್ತಿ ಬರುವ ಕಾಲುದಾರಿಯ ಬಾಯಲ್ಲಿ ಆಳೆತ್ತರದ ಒಂದು ಜೊಂಡಿನ ಕಡ್ಡಿ ನೆಟ್ಟು, ಅದರ ತುದಿಯ ಎಲೆಗಳನ್ನು ಸುತ್ತಿ ಬಿಗಿದಳು. ಆ ಗಂಟು ಕಂಡರೆ ಊರಿನವರು ಯಾರೂ ಮುಂದೆ ಹೆಜ್ಜೆ ಇಡುವುದಿಲ್ಲ. ಒಳಗೆ ಕೋಳಿ ಕುಯ್ದು ಹಿರಿಯರ ಆತ್ಮಗಳನ್ನು ಕರೆದಿದ್ದಾರೆ, ಹೊರಗಿನ ಕಾಲು ಒಳಗೆ ಬರಬಾರದು ಎಂದು ಅದರ ಅರ್ಥ. ಬ್ರಿಹಿದಾಳ ಮನೆಯಲ್ಲಿ ಕೋಳಿ ಹಿತ್ತಲಲ್ಲಿ ಕೆದಕುತ್ತ ಸುಖವಾಗಿತ್ತು. ಅವಳಿಗೆ ನಿದ್ದೆ ಬೇಕಿತ್ತು, ಅಷ್ಟೆ.

ಎಂಥ ನಿದ್ದೆ ಎಂದರೆ, ಹಿಂದಿನ ಸಂಜೆ ಎಲೆಕೋಸಿನ ಬುಟ್ಟಿಯ ಪಟ್ಟಿಯನ್ನು ಹಣೆಗೆ ಹಾಕಿಕೊಂಡು ಇಳಿಜಾರಿನಲ್ಲಿ ಇಳಿಯುವಾಗಲೇ ಅವಳ ಕಣ್ಣು ಮುಚ್ಚಿತ್ತು. ಮುಗ್ಗರಿಸಿ, ಬುಟ್ಟಿ ಸಮೇತ ಪಕ್ಕದ ಹುರುಳಿಕಾಯಿ ಬಳ್ಳಿಗಳ ಮೇಲೆ ಬಿದ್ದು, ಬಿದ್ದಲ್ಲೇ ಒಂದು ಗಳಿಗೆ ಹಾಯೆನಿಸಿತ್ತು. ನಾಟಿಯ ಕಾಲ. ಆರು ಮನೆಯ ಹೆಂಗಸರು ಮುಯ್ಯಾಳು ಮಾಡಿಕೊಂಡಿದ್ದರು: ಇವತ್ತು ನಿನ್ನ ಗದ್ದೆ, ನಾಳೆ ನನ್ನದು. ಹಗಲೆಲ್ಲ ಜನವರಿಯ ಕೆಸರಿನಲ್ಲಿ ಬಗ್ಗಿ ಬೇರೆಯವರ ಗದ್ದೆ ನೆಟ್ಟು ಬರುವುದು. ಬಂದ ಮೇಲೆ ಕೋಸು ಕುಯ್ದು ರಸ್ತೆಗೆ ಹೊರುವುದು, ಏಕೆಂದರೆ ಲಾ ತ್ರಿನಿದಾದ್ ಪಟ್ಟಣದ ತರಕಾರಿ ಮಾರುಕಟ್ಟೆಗೆ ಹೋಗುವ ಲಾರಿ ಯಾರ ಸೊಂಟನೋವಿಗೂ ಕಾಯುವುದಿಲ್ಲ. ರಾತ್ರಿಯೆಲ್ಲ ಅತ್ತೆಯ ಕೆಮ್ಮು. ಗಂಡ ದಕ್ಷಿಣದ ಚಿನ್ನದ ಗಣಿಯಲ್ಲಿ, ಮಗಳು ಬಾಗಿಯೋ ನಗರದ ಕಾಲೇಜಿನಲ್ಲಿ. ಗದ್ದೆಯ ಅಕ್ಕಿ ಹೊಟ್ಟೆಗೆ, ಕೋಸು ಮಗಳ ಓದಿಗೆ. ಎರಡೂ ಒಬ್ಬಳದೇ ಬೆನ್ನಿನ ಮೇಲೆ.

ಹಾಗಿರುವಾಗ ಹಿಂದಿನ ಬೆಳಿಗ್ಗೆ ಊರ ಹಿರಿಯರು ನಾಳೆ ಒಬಾಯ ಎಂದು ಸಾರಿದ್ದರು. ಬೇಡದ ಹಕ್ಕಿಯೊಂದು ಬೇಡದ ದಿಕ್ಕಿನಿಂದ ದಾಟಿತ್ತಂತೆ. ಒಬಾಯ ಎಂದರೆ ಯಾರೂ ಗದ್ದೆಗೆ ಇಳಿಯುವಂತಿಲ್ಲ. ಬ್ರಿಹಿದಾ ಮನಸ್ಸಿನಲ್ಲೇ ಆ ಹಕ್ಕಿಗೆ ಕೈ ಮುಗಿದಿದ್ದಳು. ಅವಳ ಗದ್ದೆಯ ನಾಟಿ ಆ ದಿನವೇ ಇತ್ತು. ಸಸಿಮಡಿಯಿಂದ ಪೈರು ಕಿತ್ತು, ಕಟ್ಟು ಕಟ್ಟಿ ಗದ್ದೆಯ ಮೂಲೆಯ ನೀರಿನಲ್ಲಿ ಸಾಲಾಗಿ ನಿಲ್ಲಿಸಿಯೂ ಆಗಿತ್ತು. ಒಂದು ದಿನ ಮುಂದೆ ಹೋದರೆ ಪೈರಿಗೆ ಏನೂ ಆಗುವುದಿಲ್ಲ.

ಆದರೆ ಒಬಾಯದ ದಿನ ಕೆಲಸವಿಲ್ಲದ ಊರು ಮಾಡುವುದೇನು? ಮನೆ ಮನೆ ತಿರುಗುತ್ತದೆ. ಅದರಲ್ಲೂ ಕಾಯಿಲೆಯವರಿರುವ ಮನೆಗೆ ಮೊದಲು. ಬಂದವರಿಗೆಲ್ಲ ಕಾಫಿ ಕಾಯಿಸಬೇಕು, ಗೆಣಸು ಬೇಯಿಸಬೇಕು, ಅತ್ತೆಯ ಕೆಮ್ಮಿನ ಕಥೆಯನ್ನು ಬಂದವರೊಬ್ಬೊಬ್ಬರಿಗೂ ಮೊದಲಿನಿಂದ ಹೇಳಬೇಕು. ಇದನ್ನು ನೆನೆದೇ ಅವಳ ಕೈ ಜೊಂಡಿನ ಕಡ್ಡಿಗೆ ಹೋದದ್ದು. ಕತ್ತಲಾದ ಮೇಲೆ ಸದ್ದಿಲ್ಲದೆ ಕಿತ್ತರಾಯಿತು ಎಂದುಕೊಂಡಿದ್ದಳು.

ಒಳಗೆ ಬಂದಾಗ ಅತ್ತೆ ಡೊಮಿಂಗಾ ಕಂಬಳಿಯೊಳಗಿಂದ ಕತ್ತು ಹೊರಗೆ ಹಾಕಿದಳು.

"ದಾರೀಲಿ ಗಂಟು ಕಟ್ಟಿದ್ಯಲ್ಲ, ಯಾರು ಸತ್ರು? ನಾನಾ?"

"ಸುಮ್ನಿರಿ ಅತ್ತೆ. ಸ್ವಲ್ಪ ಹೊತ್ತು ಮಲಗ್ತೀನಿ."

"ಮಲಗು, ಮಲಗು. ಮೇಲಿನವ್ರು ಕೇಳಿದ್ರೆ ಕೋಳಿ ಎಲ್ಲಿ ಅಂತ, ನಾನು ಬಂದು ಹೇಳ್ತೀನಿ ಅಂತೀನಿ. ಹೆಂಗೂ ಅವರ ಕಡೆಗೇ ಹೊರಟಿದ್ದೀನಲ್ಲ."

ಬ್ರಿಹಿದಾಳಿಗೆ ನಗಲೂ ತ್ರಾಣವಿರಲಿಲ್ಲ. ಒಲೆಯ ಪಕ್ಕ ಹಲಗೆಯ ಮೇಲೆ ಉರುಳಿದಳು. ಅಷ್ಟೇ ಅವಳಿಗೆ ನೆನಪು.

ಎದ್ದಾಗ ಬಿಸಿಲು ಕಿಟಕಿಯ ಈ ಕಡೆಗೆ ಬಂದಿತ್ತು. ಮೈ ಹಗುರಾಗಿತ್ತು. ಎಷ್ಟೋ ದಿನಗಳ ಮೇಲೆ ಮಂಡಿ ನೋಯುತ್ತಿರಲಿಲ್ಲ. ಅತ್ತೆ ಎದ್ದು ಕೂತು ಒಣಮೀನು ಸುಡುತ್ತಿದ್ದಳು. ಸಮುದ್ರವನ್ನು ಕಣ್ಣಿನಿಂದ ಕಾಣದ ಆ ಮುದುಕಿಗೆ ಒಣಮೀನಿಲ್ಲದೆ ತುತ್ತು ಇಳಿಯುತ್ತಿರಲಿಲ್ಲ.

"ಬೆಳಿಗ್ಗೆ ಹೆಂಗಸರು ಬಂದಿದ್ರು ಕಣೆ," ಎಂದಳು ಡೊಮಿಂಗಾ. "ದಾರಿ ಹತ್ರ ಗುಜುಗುಜು ಅಂತಿತ್ತು. ಆಮೇಲೆ ಹೊರಟೋದ್ರು."

"ನಿಮ್ಮನ್ನ ನೋಡೋಕೆ ಬಂದಿರ್ತಾರೆ."

"ನನ್ನ ನೋಡೋಕೆ ಬರೋರು ನಾಟಿ ಟೋಪಿ ಹಾಕ್ಕೊಂಡು, ಅನ್ನದ ಗಂಟು ಕಟ್ಕೊಂಡು ಬರ್ತಾರಾ?"

ಬ್ರಿಹಿದಾ ಹಲಗೆಯಿಂದ ದಡಕ್ಕನೆ ಎದ್ದಳು. ಬರಿಗಾಲಲ್ಲಿ ಅಂಗಳಕ್ಕೆ ಓಡಿದಳು. ಮಂಜು ಸರಿದಿತ್ತು. ಕಣಿವೆಯ ಆಚೆಯ ಮೆಟ್ಟಿಲು ಗದ್ದೆಗಳಲ್ಲಿ ಜನ ಬಗ್ಗಿ ಕೆಲಸ ಮಾಡುತ್ತಿದ್ದರು. ಒಂದು ಕಡೆ ಕೋಣ ಕೆಸರು ತುಳಿಯುತ್ತಿತ್ತು. ಒಬಾಯವೂ ಇಲ್ಲ, ಏನೂ ಇಲ್ಲ. ಕೆಳಗೆ ಅವಳ ಗದ್ದೆಯೊಂದೇ ನೀರು ತುಂಬಿಕೊಂಡು ಖಾಲಿಯಾಗಿ ಹೊಳೆಯುತ್ತಿತ್ತು. ಮೂಲೆಯಲ್ಲಿ ಪೈರಿನ ಕಟ್ಟುಗಳು ಹಾಗೆಯೇ ನಿಂತಿದ್ದವು.

"ನಿನ್ನೆ ಸಂಜೆ ಗುಡ್ಡದ ಮೇಲಿಂದ ಯಾರಾದ್ರೂ ಕೂಗಿದ್ರಾ ಅತ್ತೆ?"

"ಕೂಗ್ತಿದ್ರಪ್ಪ ಯಾರೋ. ನಾಯಿ ಕಳ್ಕೊಂಡಿರ್ಬೇಕು ಅಂದ್ಕೊಂಡೆ."

ಕೂಗಿದ್ದು ನಾಯಿಗಲ್ಲ. ಹಿಂದಿನ ಸಂಜೆ ಹಿರಿಯರು ಕೋಳಿ ಕುಯ್ದು, ಶಕುನಕ್ಕೆಂದು ಅದರ ಪಿತ್ತಕೋಶ ನೋಡಿದ್ದರು. ಪಿತ್ತ ಚೆನ್ನಾಗಿತ್ತು, ಹಕ್ಕಿ ದಾಟಿದ್ದು ಲೆಕ್ಕಕ್ಕಿಲ್ಲ, ನಾಳೆ ಎಲ್ಲರೂ ಕೆಲಸಕ್ಕೆ ಹೋಗಿ ಎಂದು ಸಾರಿದ್ದರು. ಆ ಹೊತ್ತಿನಲ್ಲಿ ಬ್ರಿಹಿದಾ ರಸ್ತೆಯಲ್ಲಿ ಲಾರಿಗೆ ಕೋಸು ಏರಿಸುತ್ತಿದ್ದಳು.

ಅವಳು ಕಾಲುದಾರಿಯಲ್ಲಿ ಇಳಿದು, ಆ ಜೊಂಡಿನ ಕಡ್ಡಿಯನ್ನು ಕಿತ್ತು ಎಸೆಯಲು ಕೈ ಚಾಚಿದಳು. ಆದರೆ ಕೀಳಲು ಧೈರ್ಯ ಬರಲಿಲ್ಲ. ನೆಟ್ಟ ಗಂಟನ್ನು ತಮಗೆ ಬೇಕಾದಾಗ ಕೀಳುವುದನ್ನು ಅವಳು ಯಾರಲ್ಲೂ ಕಂಡಿರಲಿಲ್ಲ. ಅಲ್ಲಿಂದಲೇ ಊರ ನಡುವಿನ ದಾಪಾಯಿಗೆ ಹೋದಳು. ಗಂಡಸರು ಕೂತು ನ್ಯಾಯ ಮಾತಾಡುವ ಕಲ್ಲಿನ ಜಗಲಿ ಅದು. ಹೆಂಗಸರು ಅಂಚಿನಲ್ಲಿ ನಿಂತೇ ಮಾತಾಡಬೇಕು. ಊರಿನ ಮನೆಗಳಿಗೆ ಗಂಟು ಕಟ್ಟಿಕೊಡುವ ಹಿರಿಯ ಕಿಲೇ ಅಜ್ಜ ಒಬ್ಬನೇ ಬೆಂಕಿಯ ಮುಂದೆ ಚಳಿ ಕಾಯಿಸುತ್ತ ಕೂತಿದ್ದ. ಬ್ರಿಹಿದಾ ಏನನ್ನೂ ಮುಚ್ಚಿಡದೆ ಹೇಳಿದಳು. 

"ಸುಳ್ಳು ಗಂಟು ಅಜ್ಜ. ಬಿಚ್ಚಿಬಿಡ್ಲಾ?"

ಅಜ್ಜ ಬೆಂಕಿಗೆ ಇನ್ನೊಂದು ಕಟ್ಟಿಗೆ ತಳ್ಳಿದ.

"ಗಂಟು ನೋಡ್ದೋರಿಗೆ ಅದು ಸುಳ್ಳು ಅಂತ ಹೆಂಗೆ ಗೊತ್ತಾಗ್ಬೇಕಮ್ಮ? ಇವತ್ತು ನಿಂದು ಬಿಚ್ಚು ಅಂದ್ರೆ, ನಾಳೆ ನಿಜವಾದ ಗಂಟನ್ನೂ ಜನ ದಾಟ್ತಾರೆ. ಕಟ್ಟಿದ್ಮೇಲೆ ಕಟ್ಟಿದಂಗೇ. ಮೂರು ದಿನ."

"ಪೈರು ಕಿತ್ತಾಗಿದೆ ಅಜ್ಜ. ನೀರಲ್ಲಿ ನಿಂತಿದೆ. ನಾನೊಬ್ಳೇ ಇಳಿದು ಆದಷ್ಟು ನೆಡ್ತೀನಿ."

"ಗಂಟು ಇರೋ ಮನೆಯೋರು ಗದ್ದೆ ಮುಟ್ಟೋ ಹಂಗಿಲ್ಲ ಅಂತ ನಾನು ಹೇಳಿಕೊಡ್ಬೇಕಾ ನಿನಗೆ?" ಎಂದ ಅಜ್ಜ. ದನಿ ಗದರುವಂತಿರಲಿಲ್ಲ. "ಒಂದು ಕೋಳಿ ಕುಯ್ಯಿ. ಅತ್ತೆಗೆ ಸಾರು ಕೊಡು. ಮನೇಲಿ ಕೂತ್ಕೋ."

ಮೂರು ದಿನ ಅವಳು ಕೂತಳು. ಬೇಡಿಕೊಂಡ ಬಿಡುವು ಕೈಗೆ ಬಂದಿತ್ತು. ಅದರಂಥ ಶಿಕ್ಷೆಯನ್ನು ಅವಳು ಕಂಡಿರಲಿಲ್ಲ. ಹಲಗೆಯ ಮೇಲೆ ಉರುಳಿದರೆ ನಿದ್ದೆ ಹತ್ತಿರ ಸುಳಿಯದು. ಅಂಗಳದಲ್ಲಿ ನಿಂತರೆ ಕೆಳಗೆ ಪೈರಿನ ಕಟ್ಟುಗಳು ಕಾಣುತ್ತಿದ್ದವು. ಮೊದಲ ದಿನ ಕಡುಹಸಿರು, ಎರಡನೆಯ ದಿನ ತುದಿ ಹಳದಿ. ಇಲಿಗಳ ದೆಸೆಯಿಂದ ಅವಳ ಸಸಿಮಡಿಯಲ್ಲಿ ಉಳಿದ ಪೈರು ಹಿಡಿಯಷ್ಟೂ ಇರಲಿಲ್ಲ. ಈ ಗದ್ದೆ ಬರಿದಾದರೆ ವರ್ಷವಿಡೀ ಪೇಟೆಯ ಅಕ್ಕಿ ತರಬೇಕು. ಅದಕ್ಕೆ ಕೋಸಿನ ದುಡ್ಡು ಹೋದರೆ ಮಗಳು ಬಾಗಿಯೋದಿಂದ ಗಂಟುಮೂಟೆ ಕಟ್ಟಬೇಕು. ಅರ್ಧ ದಿನದ ನಿದ್ದೆಗೆ ಇಷ್ಟೊಂದು ಬೆಲೆಯೇ ಎಂದು ಅವಳಿಗೆ ತನ್ನ ಮೇಲೆಯೇ ಸಿಟ್ಟು ಬಂತು, ಅಳು ಬಂತು.

ಎರಡನೆಯ ದಿನ ಸಂಜೆ ತಡೆಯಲಾರದೆ ಸಬೀನಾಳ ಮನೆಯ ಮುಂದೆ ಹೋಗಿ ನಿಂತಳು. ಮುಯ್ಯಾಳಿನ ಗುಂಪಿನಲ್ಲಿ ಇವಳಿಗಿಂತ ನಾಲ್ಕು ವರ್ಷ ದೊಡ್ಡವಳು, ಬಾಯಿ ಜೋರಿನವಳು ಈ ಸಬೀನಾ. ಗಂಟಿನ ಮನೆಯವಳು ಬೇರೆಯವರ ಹೊಸಿಲು ತುಳಿಯುವಂತಿಲ್ಲವೆಂದು ಬ್ರಿಹಿದಾ ಬೇಲಿಯ ಹೊರಗೇ ನಿಂತಳು. ಸಬೀನಾ ಹಂದಿಗೆ ಗೆಣಸಿನ ಬಳ್ಳಿ ಕೊಚ್ಚುತ್ತಿದ್ದಳು.

"ಅಕ್ಕಾ, ಅದು ಸುಳ್ಳು ಗಂಟು. ನಮ್ಮನೇಲಿ ಏನೂ ಮಾಡಿರ್ಲಿಲ್ಲ. ಒಬಾಯ ಅಂದ್ಕೊಂಡು, ನಿದ್ದೆ ಮಾಡೋಕೆ ಕಟ್ಟಿದ್ದೆ. ನಿಮ್ಮನ್ನೆಲ್ಲ ದಾರಿಯಿಂದ ವಾಪಸ್ ಕಳಿಸ್ದಂಗಾಯ್ತು. ತಪ್ಪಾಯ್ತು."

ಸಬೀನಾ ಕತ್ತಿ ನಿಲ್ಲಿಸಲಿಲ್ಲ.

"ಗೊತ್ತಿತ್ತು ಬಿಡೆ."

"ಏನು ಗೊತ್ತಿತ್ತು?"

"ಸುಳ್ಳು ಅಂತ. ಅಜ್ಜ ಕಟ್ಟಿದ್ರೆ ಎರಡು ಕಡ್ಡಿ ನೆಡ್ತಾನೆ, ನೀನು ಒಂದು ನೆಟ್ಟಿದ್ದೆ. ಗಂಟೋ, ಎಮ್ಮೆ ಕಟ್ಟೋ ಗಂಟಿದ್ದಂಗಿತ್ತು. ನಿಮ್ಮನೆ ಹುಂಜ ಬೇಲಿ ಮೇಲೆ ನಿಂತು ಕೂಗ್ತಿತ್ತು. ಕೋಳಿ ಕುಯ್ದ ಮನೇನಾ ಅದು?"

 ಬ್ರಿಹಿದಾಳಿಗೆ ಸಿಟ್ಟು ನೆತ್ತಿಗೇರಿತು.

"ಗೊತ್ತಿದ್ದೂ ಹೊರಟೋದ್ರಾ? ನನ್ನ ಪೈರು ನೀರಲ್ಲಿ ನಿಂತಿದ್ದು ಕಾಣ್ತಿತ್ತಲ್ಲ! ಒಂದು ಕೂಗು ಹಾಕಿದ್ರೆ ಏಳ್ತಿರ್ಲಿಲ್ವಾ ನಾನು? ನಿಮ್ಮ ಗದ್ದೆ ನೆಡೋವಾಗ ಸೊಂಟ ಮುರಿದ್ರೂ ಬರ್ಲಿಲ್ವಾ? ನಿಮ್ಮ ಹೊಟ್ಟೇಲಿ ಕರುಳಿಲ್ವಾ?"

ಆಗ ಸಬೀನಾ ಕತ್ತಿ ಕೆಳಗಿಟ್ಟಳು. ಜೋರು ಬಾಯಿಯ ಹೆಂಗಸು ತಲೆ ತಗ್ಗಿಸಿದ್ದನ್ನು ಬ್ರಿಹಿದಾ ಅವತ್ತೇ ನೋಡಿದ್ದು.

"ಕೂಗ್ಬೇಕು ಅಂತ ಬಾಯಿ ತೆಗ್ದೆ," ಎಂದಳು. "ನಿನ್ನ ಗಂಟು ನೋಡ್ತಾ ನಿಂತ್ವಿ ಎಲ್ರೂ. ಕ್ಲೆಮೆನ್ಸಿಯಕ್ಕ ಮೆಲ್ಲಗೆ ಅಂದ್ಲು, ಗಂಟಿದೆಯಲ್ಲ, ಹೋಗೋಣ ನಡೀರಿ ಅಂತ. ಯಾರೂ ಇಲ್ಲ ಅನ್ನಲಿಲ್ಲ. ಯಾರೂ ಯಾರ ಮುಖಾನೂ ನೋಡ್ಲಿಲ್ಲ. ಮನೆಗೆ ಬಂದೆ, ಟೋಪಿ ಕೂಡ ತೆಗೀದೆ ಬಿದ್ಕೊಂಡೆ. ಸಂಜೆ ಹಂದಿ ಕಿರುಚೋತನಕ ಎಚ್ಚರ ಇಲ್ಲ. ಕ್ಲೆಮೆನ್ಸಿಯಕ್ಕ ಮನೆ ಮುಟ್ಟೋವರೆಗೂ ತಡೀಲಿಲ್ಲ, ದಾರೀಲಿ ಗದ್ದೆ ಗುಡಿಸಲಲ್ಲೇ ಮಲಗಿಬಿಟ್ಟಿದ್ಲು. ಅವಳ ಗಂಡ ಹುಡುಕ್ಕೊಂಡು ಬಂದ." ಕೊನೆಗೆ ಸಬೀನಾ ಕಣ್ಣೆತ್ತಿದಳು. "ನಿನ್ನ ಪೈರು ಕಂಡಿತ್ತು ಕಣೆ. ಕಂಡೇ ಹೋಗಿದ್ದು."

ಬ್ರಿಹಿದಾ ಬೇಲಿಯ ಗೂಟ ಹಿಡಿದು ನಿಂತಿದ್ದಳು. ಬೈಯಲು ಬೇಕಾದಷ್ಟು ಮಾತು ಬಾಯಲ್ಲಿತ್ತು. ಆದರೆ ಸಬೀನಾಳ ಪಾದದ ಕಡೆ ಕಣ್ಣು ಹೋಯಿತು. ಕೆಸರಿನಿಂದ ಬೆರಳ ಸಂದುಗಳೆಲ್ಲ ಬಿಳಿಚಿ ಒಡೆದಿದ್ದವು, ತನ್ನವೂ ಹಾಗೆಯೇ. ಸಿಟ್ಟು ಹೋಗಲಿಲ್ಲ, ಅದನ್ನು ಎತ್ತಿ ಹಿಡಿಯುವಷ್ಟು ಶಕ್ತಿ ಉಳಿದಿರಲಿಲ್ಲ. ಬೇಲಿ ಬಿಟ್ಟು ಮನೆಗೆ ಹಿಂತಿರುಗಿದಳು.

ಮೂರು ದಿನ ಕಳೆದ ಮರುಬೆಳಿಗ್ಗೆ ಕಡ್ಡಿ ಕಿತ್ತು ಗದ್ದೆಗಿಳಿದಳು. ಕಟ್ಟುಗಳನ್ನು ಬಿಚ್ಚಿದರೆ ಒಳಗೆ ಬಿಸಿ, ಕೊಳೆತ ವಾಸನೆ. ಅರ್ಧಕ್ಕರ್ಧ ಲೋಳೆಯಾಗಿತ್ತು. ಉಳಿದದ್ದನ್ನು ಬೇರ್ಪಡಿಸಿ, ಒಬ್ಬಳೇ ಒಂದು ಸಾಲು ನೆಡುವಷ್ಟರಲ್ಲಿ ಬದುವಿನ ಮೇಲೆ ಹೆಜ್ಜೆಯ ಸದ್ದಾಯಿತು.

ಐವರೂ ಬಂದಿದ್ದರು. ಆವತ್ತು ಕ್ಲೆಮೆನ್ಸಿಯಾಳ ಗದ್ದೆಯ ಸರದಿ; ಅವಳೇ ಎಲ್ಲರಿಗಿಂತ ಮುಂದೆ ನಿಂತಿದ್ದಳು. ಒಬ್ಬೊಬ್ಬರ ಬುಟ್ಟಿಯಲ್ಲೂ ಅವರವರ ಸಸಿಮಡಿಯಲ್ಲಿ ಉಳಿದ ಪೈರು. ಒಬ್ಬಳದು ಕೆಂಪಕ್ಕಿ, ಇನ್ನೊಬ್ಬಳದು ಬಿಳಿಯದು, ಸಬೀನಾಳದು ಹಬ್ಬದ ಅಂಟಕ್ಕಿ. ಯಾರೂ ಕ್ಷಮೆಯ ಮಾತು ಆಡಲಿಲ್ಲ. ಲಂಗ ಎತ್ತಿ ಕಟ್ಟಿ ಕೆಸರಿಗಿಳಿದರು.

"ಕೆಂಪು ಒಂದ್ಸಲ ಮಾಗುತ್ತೆ, ಅಂಟಕ್ಕಿ ಇನ್ನೊಂದ್ಸಲ," ಎಂದಳು ಕ್ಲೆಮೆನ್ಸಿಯಾ, ಬಗ್ಗಿದಲ್ಲಿಂದಲೇ. "ಈ ಗದ್ದೆ ಮೂರ್ಮೂರು ಸಲ ಕುಯ್ಬೇಕಾಗುತ್ತೆ ನೋಡು."

"ಆಗ್ಲಿ ಬಿಡಕ್ಕ," ಎಂದಳು ಬ್ರಿಹಿದಾ. ಮೂರು ಸಲದ ಕುಯ್ಲು ನೆನೆದು ಈಗಲೇ ಅವಳ ಸೊಂಟ ಹಿಡಿದಂತಾಯಿತು. ಆದರೂ ಗದ್ದೆ ತುಂಬುತ್ತಿತ್ತು. ಅತ್ತೆಗೂ ಅವಳಿಗೂ ಉಣ್ಣಲು ಸಾಕಾಗುತ್ತದೆ, ಕೋಸು ಮಗಳಿಗೇ ಹೋಗುತ್ತದೆ.

ಮಧ್ಯಾಹ್ನದವರೆಗೂ ನೆಟ್ಟರು. ಕೊನೆಯ ಮೂಲೆಯಲ್ಲಿ ಸಬೀನಾ ಅವಳ ಪಕ್ಕಕ್ಕೆ ಬಂದಳು. ಬೆನ್ನು ಎತ್ತದೆ, ಬೇರೆಯವರಿಗೆ ಕೇಳಿಸದ ಹಾಗೆ ದನಿ ತಗ್ಗಿಸಿದಳು.

"ಬ್ರಿಹಿದಾ, ಮುಂದಿನ ವರ್ಷ ಪೈರು ಕೀಳೋಕೆ ಮುಂಚೆ ಗಂಟು ಕಟ್ಟೋಣ. ಎರಡು ಕಡ್ಡಿ ನೆಡೋಣ."

"ಯಾರ ಮನೆ ಮುಂದೆ ಅಕ್ಕ?"

"ನಮ್ಮನೆ ಮುಂದೆ," ಎಂದಳು ಸಬೀನಾ. "ಮುಂದಿನ ವರ್ಷ ನನ್ನ ಸರದಿ."