ಕೊಲ್ಲು ಎಂಬ ನಾನು

ನಾನು ಒಂದು ಮಾತು. ಹೆಸರು ಕೊಲ್ಲು. ನನ್ನನ್ನು ಮೊದಲು ಆಡಿದವರ ಭಾಷೆಗೆ ಲಿಪಿ ಇರಲಿಲ್ಲ, ಅವರ ಊರು ಯಾವುದೋ ಯಾರಿಗೂ ಗೊತ್ತಿಲ್ಲ. ಹಂದಿಯದೋ ಹಗೆಯದೋ ರಕ್ತ ನೆಲಕ್ಕೆ ಬಿದ್ದಾಗ ಹುಟ್ಟಿದೆ ಎಂದು ನನ್ನ ಅಂದಾಜು. ಆ ಭಾಷೆಯ ಮನೆ ಒಡೆದಾಗ ನಾವೂ ಪಾಲಾದೆವು. ಅಕ್ಕತಂಗಿಯರು ತಮಿಳಿಗೆ, ಮಲಯಾಳಕ್ಕೆ ಹೋದರು. ಒಬ್ಬಳು ಕೊಡಗಿನ ಬೆಟ್ಟ ಹತ್ತಿದಳು. ಈಗಲೂ ಮುಖ ನೋಡಿದರೆ ಒಡಹುಟ್ಟಿದವರು ಎಂದು ಗೊತ್ತಾಗುತ್ತದೆ.

ನಾನು ಕನ್ನಡದಲ್ಲಿ ಉಳಿದೆ. ದನ ಕದ್ದವರನ್ನು ಕೊಂದು ತಾನೂ ಸತ್ತವನ ವೀರಗಲ್ಲಿನ ಮೇಲೆ ನನ್ನನ್ನು ಉಳಿ ಹಿಡಿದು ಕೆತ್ತಿದರು. ಆಗ ನನಗೊಂದು ತೂಕವಿತ್ತು. ಆಮೇಲೆ ಬಾಯಿಂದ ಬಾಯಿಗೆ ಸವೆದು ಅಗ್ಗವಾದೆ. ಹಾಲು ಉಕ್ಕಿದರೂ ಕೊಂದ್ಬಿಡ್ತೀನಿ, ಚೆಂಡು ಕಿಟಕಿಗೆ ಬಡಿದರೂ ಕೊಂದ್ಬಿಡ್ತೀನಿ. ನನಗೆ ನಾಚಿಕೆಯಾಗುತ್ತಿತ್ತು.

ಮೈಸೂರಿನ ಒಂದು ವಠಾರದಲ್ಲಿ ಚೆನ್ನಕೇಶವಯ್ಯ ಎಂಬ ನಿವೃತ್ತ ಮೇಷ್ಟ್ರು ನನ್ನ ವಂಶಾವಳಿ ಬರೆಯುತ್ತಿದ್ದರು. ಯಾರು ಎಲ್ಲಿ ನನ್ನನ್ನು ಆಡಿದರೂ ಅವರದೊಂದು ಚೀಟಿ. ಅದರಲ್ಲಿ ಆಡಿದ ಮಾತು, ತಾರೀಖು, ಗಂಟೆ. ಹೆಚ್ಚು ಚೀಟಿ ಸಿಕ್ಕಿದ್ದು ಪಕ್ಕದ ಮನೆಯಿಂದ. ಅಲ್ಲಿ ಉಮಾಪತಿ ಎಂಬವನು ಹೆಂಡತಿ ಜಯಶೀಲಳನ್ನು ಬೆಲ್ಟಿನಿಂದ ಹೊಡೆಯುತ್ತಿದ್ದ. ಅವನ ಕೂಗು ಗೋಡೆ ದಾಟಿ ಬರುತ್ತಿತ್ತು. ಮೇಷ್ಟ್ರು ಬರೆದುಕೊಂಡು, ಕೊನೆಗೆ ‘ಬರೀ ಗದರಿಕೆ’ ಎಂದು ಷರಾ ಹಾಕುತ್ತಿದ್ದರು.

ಒಂದು ದಿನ ಜಯಶೀಲ ಒಡೆದ ತುಟಿಯಲ್ಲಿ ಬಂದು ಬಾಗಿಲಲ್ಲಿ ನಿಂತಳು.

“ಮೇಷ್ಟ್ರೇ, ಅವ್ರು ನಿಜವಾಗ್ಲೂ ಸಾಯಿಸ್ತಾರೆ. ಗೋಡೆ ಬಡೀತೀನಿ, ಬಂದ್ಬಿಡಿ.”

“ಗಂಡ ಹೆಂಡ್ತಿ ಜಗಳ ಉಂಡು ಮಲಗೋ ತನಕ ಅಂತಾರಲ್ಲಮ್ಮ,” ಎಂದರು ಮೇಷ್ಟ್ರು.

ನಾಲ್ಕನೇ ದಿನ, ಮಧ್ಯಾಹ್ನ ಮೂರು ಗಂಟೆ. “ಇವತ್ತು ನಿನ್ನ ಕೊಂದೇ ಹಾಕ್ತೀನಿ ಕಣೇ.” ಗೋಡೆಯ ಮೇಲೆ ದಬದಬ ಸದ್ದಾಯಿತು. ಆಗ ನಾನು ಅವನ ಬಾಯಲ್ಲೇ ಇದ್ದೆ. ಸಾವಿರಾರು ವರ್ಷ ಕೊಲೆಗಾರರ ನಾಲಗೆಯ ಮೇಲೆ ಕೂತವನು ನಾನು, ಇದು ಗದರಿಕೆಯಲ್ಲ ಎಂದು ನನಗೆ ಗೊತ್ತಾಯಿತು. ಏಳಯ್ಯಾ ಮುದುಕ ಎಂದು ಒದ್ದಾಡಿದೆ. ಮೇಷ್ಟ್ರು ಪೆನ್ನು ತೆಗೆದರು. ಆಚೆ ರುಬ್ಬುಗುಂಡು ಅವಳ ತಲೆಯ ಮೇಲೆ ಮೂರು ಸಲ ಬಿತ್ತು. ಶಾಯಿ ಆರುವ ಮೊದಲೇ ಗೋಡೆ ಸುಮ್ಮನಾಯಿತು.

ಕೋರ್ಟಿನಲ್ಲಿ ಉಮಾಪತಿ, ಜಾರಿ ಬಿದ್ದಳು ಎಂದ. ವಠಾರದವರು ಏನೂ ಕೇಳಿಸಲಿಲ್ಲ ಎಂದರು. ಮೇಷ್ಟ್ರು ಒಬ್ಬರೇ ಚೀಟಿ ಹಿಡಿದು ಕಟಕಟೆ ಹತ್ತಿದರು. ಮುಖ್ಯವಾಗಿ ಆ ಸಾಕ್ಷಿಯ ಮೇಲೆ ಅವನಿಗೆ ಜೀವಾವಧಿ ಶಿಕ್ಷೆಯಾಯಿತು. ಚೀಟಿಯ ಜೊತೆ ನಾನೂ ಈಗ ರೆಕಾರ್ಡು ಕೋಣೆಯ ಕಡತವೊಂದರಲ್ಲಿ ದೂಳು ತಿನ್ನುತ್ತಿದ್ದೇನೆ. ವಯಸ್ಸಾಯಿತು, ಬಹಳ ಸಾವು ನೋಡಿದೆ. ಆದರೂ ಅಂದು ಜಡ್ಜಿ ಕೇಳಿದ್ದೊಂದು ಪ್ರಶ್ನೆ ನನ್ನನ್ನು ಮಲಗಗೊಡುವುದಿಲ್ಲ.

“ಇದನ್ನ ಕೇಳಿಸ್ಕೊಂಡು ನೀವೇನು ಮಾಡಿದ್ರಿ?”

ಮೇಷ್ಟ್ರು ಕಟಕಟೆಯ ಮರ ಹಿಡಿದುಕೊಂಡರು.

“ಬರ್ಕೊಂಡೆ, ಸ್ವಾಮಿ.”