ಅಕ್ಕ ತಂದ ಬೆಳಕು

ಒಂದೇ ಬಾರಿಗೆ ನೂರಾರು ನಕ್ಷತ್ರಗಳ ಬೆಳಕು ಹಿಡಿಯುವ ನಮ್ಮ ದೂರದರ್ಶಕದ ಗಾಜಿನ ಎಳೆಗಳಲ್ಲಿ ಕೆಲವು ಚುರುಕು, ಕೆಲವು ಮಂಕು. ಆ ಹೆಚ್ಚುಕಮ್ಮಿ ಅಳೆಯಲು, ಗುಮ್ಮಟದ ಕತ್ತಲಲ್ಲಿ ಬಿಳಿ ಪರದೆಗೆ ದೀಪದ ಬೆಳಕು ಬಿಟ್ಟು ಒಂದರ ಹಿಂದೊಂದು ಚಿತ್ರ ತೆಗೆಯುತ್ತಿದ್ದೆ. ಅಷ್ಟರಲ್ಲಿ ಅಕ್ಕ ಊಟದ ಡಬ್ಬಿ ಹಿಡಿದು ಬಾಗಿಲು ತೆರೆದಳು. ಮಧ್ಯಾಹ್ನದ ಬಿಸಿಲು ಒಳಗೆ ನುಗ್ಗಿತು.

"ಬಾಗ್ಲು ಹಾಕೇ ಅಕ್ಕಾ! ಎಲ್ಲಾ ಹಾಳು ಮಾಡ್ದೆ!"

"ಆಮೇಲೆ ಕೂಗಾಡ್ವಂತೆ, ಮೊದ್ಲು ತಿನ್ನೋ," ಎಂದು ಡಬ್ಬಿ ಇಟ್ಟು ಹೋದಳು.

ಸಂಜೆ ಎಲ್ಲ ಚಿತ್ರಗಳನ್ನೂ ಸೇರಿಸಿ, ಪ್ರತಿ ಬಿಂದುವಿಗೂ ತೀರಾ ಹೆಚ್ಚು, ತೀರಾ ಕಮ್ಮಿ ಬಿಟ್ಟು ನಡುವಿನ ಅಳತೆಯನ್ನಷ್ಟೇ ಉಳಿಸಿಕೊಂಡು, ಎಳೆಗಳ ಹೆಚ್ಚುಕಮ್ಮಿ ಸರಿಪಡಿಸುವ ಮಾದರಿ ಚಿತ್ರ, ಅಂದರೆ ಮಾಸ್ಟರ್ ಫ್ಲಾಟ್, ಮಾಡಿದೆ. ಅಕ್ಕ ಒಳಬಿಟ್ಟ ಬಿಸಿಲು ತಾನಾಗಿಯೇ ಲೆಕ್ಕದಿಂದ ಹೊರಬಿತ್ತು. ಹಾಳಾಗಿದ್ದು ಒಂದೇ ಚಿತ್ರ. ಅಕ್ಕನ ಊಟದಿಂದ ನನ್ನ ಹೊಟ್ಟೆಯೂ ತಣ್ಣಗಿತ್ತು.

ಕೆಟ್ಟ ಚಿತ್ರಗಳನ್ನು ಅಳಿಸಿಹಾಕುವುದು ನಮ್ಮ ಪದ್ಧತಿ. ಅದೊಂದನ್ನು ಅಳಿಸಲು ಮನಸ್ಸು ಬರಲಿಲ್ಲ.