ಚುಕ್ಕೆ ಇಲ್ಲದ ಎಲೆ

ಮುನಿಗಂಗಮ್ಮನಿಗೆ ಸಿಟ್ಟು ಬಂದರೆ ಮೇಲೂರಿನಲ್ಲಿ ನಾಯಿಯೂ ಅಡ್ಡ ಬರುತ್ತಿರಲಿಲ್ಲ. ಅಂಥವಳ ಮುಂದೆ ನಿಂತು ಮೈದುನನ ಮಗ ಚೆನ್ನರಾಯಪ್ಪ, "ದೊಡ್ಡಮ್ಮ, ಆ ಪಾವಟೆ ಗಿಡ ಕೀಳಿಸಿ ಸುಡಿಸ್ಬೇಕು" ಎಂದ.

"ಯಾಕಪ್ಪ? ಅದು ಬೆಳೆದ್ರೆ ನಿಮ್ಮಪ್ಪನ ಗಂಟೇನ್ ಹೋಗ್ತದೆ?"

ಹಿಪ್ಪುನೇರಳೆ ತೋಟದ ಬದುವಿನಲ್ಲಿದ್ದ ಆ ಗಿಡವನ್ನು ಅವಳು ಮೂವತ್ತು ವರ್ಷದಿಂದ ಸಾಕಿದ್ದಳು. ಕಾಲು ಊದಿದವರಿಗೆ ಬೇರಿನ ಕಷಾಯ, ಮೂಲವ್ಯಾಧಿಯವರಿಗೆ ಬೇಯಿಸಿದ ಎಲೆಯ ಶಾಖ. ವಾರಕ್ಕೆ ಇಬ್ಬರು ಮೂವರಾದರೂ ಅವಳ ಜಗಲಿಗೆ ಬರುತ್ತಿದ್ದರು. ಸುತ್ತಲ ಗುಡ್ಡಗಳ ಪಾವಟೆಯೆಲ್ಲ ಸೌದೆಗೆ ಹೋಗಿ ಉಳಿದದ್ದು ಇದೊಂದೇ.

ಚೆನ್ನರಾಯಪ್ಪನಿಗೆ ಶಿಡ್ಲಘಟ್ಟದ ಒಂದು ಖಾಸಗಿ ರೇಷ್ಮೆಮೊಟ್ಟೆ ಕೋಠಿಯಲ್ಲಿ ಕೆಲಸ. ತಾಯಿಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡುವುದು, ಹುಳುಗಳನ್ನು ಕೊಲ್ಲುವ ಗಂಟುರೋಗದ ಒಂದು ಕಣ ಕಂಡರೂ ಅದರ ಮೊಟ್ಟೆಯನ್ನೆಲ್ಲ ಸುಡುವುದು. ಪಾವಟೆ ಎಲೆಯ ಕರಿಚುಕ್ಕೆಯನ್ನೂ ಹಾಗೇ ಅರೆದು ನೋಡಿದ್ದ.

"ಚುಕ್ಕೆ ತುಂಬ ಬ್ಯಾಕ್ಟೀರಿಯಾ ದೊಡ್ಡಮ್ಮ. ರೇಷ್ಮೆ ಸೊಪ್ಪಿಗೆ ಹತ್ತಿದ್ರೆ ತೋಟಾನೇ ಹಾಳು."

"ಮೂವತ್ತು ವರ್ಷ ಹತ್ತದ್ದು ಈಗ ಹತ್ತಾದಾ? ಆ ಚುಕ್ಕೆ ನಮ್ಮಜ್ಜಿ ಕಾಲದಿಂದ ಐತೆ ಕಣೋ!"

"ಹೋದ ವರ್ಷ ನೀನು ಕೊಟ್ಟ ಬೀಜಾನೇ ಬಿಸಿನೀರಲ್ಲಿ ಅದ್ದಿ, ಕ್ರಿಮಿ ಕೊಂದು, ಸಸಿ ಮಾಡಿದೀನಿ. ಎಲೇಲಿ ಒಂದ್ ಚುಕ್ಕೆ ಇಲ್ಲ. ನಾಳೆ ಬಂದು ನೋಡು, ಆಮೇಲೆ ಮಾತಾಡಣ."

ಮಾರನೆಯ ದಿನ ಅವಳು ಮೊದಲ ಬಸ್ಸಿಗೇ ಹೋದಳು.

ಕೋಠಿಯ ಹಿತ್ತಲಲ್ಲಿ ಹನ್ನೆರಡು ಕುಂಡ. ವರ್ಷ ದಾಟಿದ್ದರೂ ಸಸಿಗಳು ಗೇಣು ಎತ್ತರವಿರಲಿಲ್ಲ. ಎಲೆಯಲ್ಲಿ ಚುಕ್ಕೆ ಇರಲಿಲ್ಲ ನಿಜ. ಆದರೆ ಎಲೆಯೆಲ್ಲ ಮುದುರಿ, ಕುಡಿ ಸತ್ತು, ಬೆನ್ನು ಮುರಿದ ಕೂಸುಗಳ ಹಾಗೆ ಕೂತಿದ್ದವು. ಪಕ್ಕದ ಒಡಕು ಡಬ್ಬದಲ್ಲಿ ಮಾತ್ರ ಒಂದು ಗಿಡ ಮೊಣಕಾಲುದ್ದ ನಿಂತಿತ್ತು, ಎಲೆ ತುಂಬ ಚುಕ್ಕೆ.

"ಇದ್ಯಾವುದು?"

ಕಸ ಗುಡಿಸುತ್ತಿದ್ದ ಆಂಜಿನಮ್ಮ ಹೇಳಿದಳು: "ನಾನಕ್ಕಾ ಊರಿದ್ದು. ಬಿಸಿನೀರಿಗೆ ಹಾಕುವಾಗ ಒಂದು ಬೀಜ ಕೆಳಗೆ ಬಿದ್ದಿತ್ತು. ಮಣ್ಣು ಅದೇ, ನೀರೂ ಅದೇ."

ಮುನಿಗಂಗಮ್ಮ ಒಂದು ಕುಂಡ, ಆ ಡಬ್ಬ ಎರಡನ್ನೂ ತಂದು ಅವನ ಮೇಜಿನ ಮೇಲೆ ಕುಕ್ಕಿದಳು. ಮಣ್ಣು ಸಿಡಿಯಿತು.

"ನೋಡೋ ನಿನ್ನ ಭೂತಗನ್ನಡೀಲಿ!"

ಅವನು ಎರಡರ ಎಲೆಯನ್ನೂ ಅರೆದು ನೋಡಿದ. ಕುಳ್ಳ ಸಸಿಯಲ್ಲಿ ಏನೂ ಇಲ್ಲ. ಎತ್ತರದ್ದರ ಚುಕ್ಕೆಯಲ್ಲಿ ಬ್ಯಾಕ್ಟೀರಿಯಾ ಕಿಕ್ಕಿರಿದಿದ್ದವು. ತಲೆ ಎತ್ತದೆಯೇ, "ಹಂಗಾದ್ರೆ ಗಿಡ ಬೆಳೆಸ್ತಿರೋದು ಇವೇನಾ?" ಎಂದ.

"ಮನೆಯೊಳಗೆ ಯಾರೋ ಅವ್ರೆ ಅಂತ ನಿನ್ನ ಗಾಜು ಹೇಳ್ತದೆ. ಕಳ್ಳನೋ ನೆಂಟನೋ ಅಂತ ಹೇಳ್ತದಾ? ಕೇಳ್ದೆ ಕಾಣ್ದೆ ನೆಂಟರನ್ನ ಕೊಂದ್ಯಲ್ಲೋ ನನ್ನಪ್ಪಾ! ನನ್ನ ಗಿಡದ ತಂಟೆಗೆ ಬಾ, ಕೈ ಮುರೀತೀನಿ."

ಅವನ ಮುಖ ಕಪ್ಪಿಟ್ಟಿತು. "ದೊಡ್ಡಮ್ಮ... ನೀನಿದ್ರೆ ಬಿಡಲ್ಲ ಅಂತ, ನೀನು ಬಸ್ ಹತ್ತಿದ ಮೇಲೆ ಕೀಳು ಅಂತ ಆಳು ಆವಲಪ್ಪನಿಗೆ ಹೇಳಿದ್ದೆ."

ಅವಳು ಬಸ್ಸಿಗೆ ಕಾಯಲಿಲ್ಲ. ಅವನ ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂತು, ದಾರಿಯುದ್ದಕ್ಕೂ ಅವನ ಬೆನ್ನಿಗೆ ಗುದ್ದುತ್ತಲೇ ಬಂದಳು.

ಬದುವಿನಲ್ಲಿ ಗುಂಡಿ ಬಾಯಿ ಬಿಟ್ಟಿತ್ತು. ಬುಡ, ಬೇರು ಎಲ್ಲ ಬೆಂಕಿಯಲ್ಲಿ ಚಟಗುಟ್ಟುತ್ತಿತ್ತು. ಹಸಿ ಕೊಂಬೆಗಳು ಉರಿಯದೆ ಪಕ್ಕಕ್ಕೆ ಬಿದ್ದಿದ್ದವು.

ಅವಳು ಅಳಲಿಲ್ಲ. ಅವನ ಕುತ್ತಿಗೆಪಟ್ಟಿ ಹಿಡಿದು ಕೊಂಬೆಗಳ ಮುಂದೆ ಕೂರಿಸಿದಳು. "ಚುಕ್ಕೆ ಎಲೆ ಇರೋ ಕುಡಿಕಡ್ಡಿ ಆರ್ಸು. ನೆಡು. ಒಣಗಿದ್ದು ಬೇಡ, ಕಣ್ಣಿಲ್ವಾ?" ಇಸ್ತ್ರಿ ಅಂಗಿಯಲ್ಲೇ ಅವನು ಮಣ್ಣು ಕೆದಕಿದ. ಕಡ್ಡಿ ಚಿಗುರಿದರೂ ಬೇರು ಕೀಳುವಷ್ಟಾಗಲು ಮೂರು ವರ್ಷ ಬೇಕೆಂದು ಅವಳಿಗೆ ಗೊತ್ತಿತ್ತು.

ಅಷ್ಟರಲ್ಲಿ ಜಂಗಮಕೋಟೆಯಿಂದ ಅಶ್ವತ್ಥಮ್ಮ ಎಂಬ ಹೆಂಗಸು ನಡೆದು ಬಂದಳು. "ಯಜಮಾನ್ರ ಕಾಲು ಕಂಬದಂಗೆ ಊದೈತೆ ತಾಯಿ, ಚೂರು ಬೇರು ಕೊಡಿ."

ಮುನಿಗಂಗಮ್ಮ ಚೆನ್ನರಾಯಪ್ಪನ ಕಡೆ ಕೈ ತೋರಿಸಿದಳು.

"ಇವನು ಓದಿದೋನು. ಇವನನ್ನೇ ಕೇಳಮ್ಮ."